ಕಾರ್ತೇಜಿನ ಅಸ್ಥಿ ಮಡಕೆಗಳು: ಫಲಕದಲ್ಲಿ ಏನು ಬರೆಯಬೇಕು?

ನಮಸ್ಕಾರ ಮೇಡಂ. ಕಾಲೇಜಿನ ಪ್ರದರ್ಶನಕ್ಕೆ ಉತ್ತರ ಆಫ್ರಿಕಾದ ಪ್ರಾಚೀನ ನಗರ ಕಾರ್ತೇಜಿನ ಅಸ್ಥಿ ಮಡಕೆಗಳ ಮಾದರಿಯನ್ನು ಕುಂಬಾರರಿಂದ ಮಾಡಿಸುತ್ತಿದ್ದೀರಿ. ‘ಶಿಶುಬಲಿಯ ಮಡಕೆಗಳು’ ಅಂತ ಫಲಕ ಹಾಕಬಹುದಾ, ಒಳಗಿದ್ದದ್ದು ಯಾರ ಮೂಳೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದ್ದೀರಿ. ದಯವಿಟ್ಟು ಆ ಹೆಸರು ಬೇಡ. ಬಲ್ಲವರೇ ಇನ್ನೂ ಒಪ್ಪದ ಮಾತನ್ನು ನಾವು ಗೋಡೆಗೆ ತೂಗುಹಾಕಿದರೆ ನೋಡಲು ಬರುವ ಮಕ್ಕಳು ಅದನ್ನೇ ನಿಜ ಅಂದುಕೊಂಡು ಹೋಗುತ್ತಾರೆ.

ಈ ಮಡಕೆಗಳನ್ನು ಹೂತಿದ್ದ ಜಾಗಕ್ಕೆ ‘ತೋಫೆಟ್’ ಅನ್ನುತ್ತಾರೆ. ಈಗಿನ ಟ್ಯುನೀಶಿಯಾದಲ್ಲಿರುವ ಅದು 1921ರಲ್ಲಿ ಬೆಳಕಿಗೆ ಬಂತು. ಕ್ರಿ.ಪೂ. 146ರಲ್ಲಿ ರೋಮನ್ನರು ಊರನ್ನು ಹಾಳುಮಾಡುವವರೆಗೆ, ನೂರಾರು ವರ್ಷ ಜನ ಇಲ್ಲಿ ಮಡಕೆ ಹೂತರು. ಜಾಗ ತುಂಬಿದಾಗ ಹಳೆಯದರ ಮೇಲೆಯೇ ಹೊಸದನ್ನು ಇಟ್ಟರು. 1970ರ ದಶಕದಲ್ಲಿ ಇಲ್ಲಿ ಉತ್ಖನನ ನಡೆಸಿದ ಲಾರೆನ್ಸ್ ಸ್ಟೇಗರ್, ಕ್ರಿ.ಪೂ. 400ರಿಂದ 200ರೊಳಗೇ ಸುಮಾರು 20,000 ಮಡಕೆ ಹೂತಿರಬಹುದು ಅಂತ ಅಂದಾಜು ಮಾಡಿದ್ದರು. ಒಳಗೆ ಸುಟ್ಟ ಎಳೆಗೂಸುಗಳ ಮೂಳೆ. ಕೆಲವದರಲ್ಲಿ ಬರೀ ಕುರಿಮರಿ, ಮೇಕೆಮರಿಯದು. ಕೆಲವದರಲ್ಲಿ ಎರಡೂ ಸೇರಿವೆ. ಜೊತೆಗೆ ಮಣಿ, ತಾಯಿತ.

ಈ ಕೂಸುಗಳನ್ನು ಬಲಿ ಕೊಟ್ಟರಾ, ಅಥವಾ ಅವು ತಾವಾಗಿಯೇ ತೀರಿಕೊಂಡವಾ ಅನ್ನುವ ಜಗಳ ನಿಂತಿರುವುದು ಸತ್ತಾಗಿನ ವಯಸ್ಸಿನ ಮೇಲೆ. ಮಾನವಶಾಸ್ತ್ರಜ್ಞ ಜೆಫ್ರಿ ಷ್ವಾರ್ಟ್ಜ್ ಅವರ ತಂಡ 2010ರಲ್ಲಿ 348 ಮಡಕೆಗಳ ಮೂಳೆ ನೋಡಿ, ಬಹಳಷ್ಟು ಕೂಸುಗಳು ಹುಟ್ಟುವ ಮೊದಲು ಅಥವಾ ಹುಟ್ಟಿದ ಸ್ವಲ್ಪ ದಿನಕ್ಕೇ ತೀರಿಕೊಂಡವು, ಇದು ಎಳೆಗೂಸುಗಳ ಸ್ಮಶಾನ ಅಂದಿತು. ಮರುವರ್ಷ ಪೆಟ್ರೀಷಿಯಾ ಸ್ಮಿತ್, ಸ್ಟೇಗರ್ ಮತ್ತು ಜೊತೆಯವರು ಅದೇ ಉತ್ಖನನದ ಮೂಳೆ ಹಿಡಿದು, ಹೆಚ್ಚಿನವು ಒಂದು ಒಂದೂವರೆ ತಿಂಗಳ ಕೂಸುಗಳು, ಸಹಜ ಸಾವು ಹೀಗೆ ಒಂದೇ ವಯಸ್ಸಿಗೆ ಬಂದು ಗುಂಪಾಗುವುದಿಲ್ಲ ಅಂದರು. ಇಷ್ಟು ವ್ಯತ್ಯಾಸ ಹೇಗೆ? ಬೆಂಕಿಯಲ್ಲಿ ಹಲ್ಲು, ಮೂಳೆ ಕುಗ್ಗುತ್ತವೆ. ಎಷ್ಟು ಕುಗ್ಗಿದೆ ಅಂತ ಹಿಡಿಯುತ್ತೀರೋ ಅದರ ಮೇಲೆ ವಯಸ್ಸೂ ಹಿಂದೆಮುಂದೆ ಆಗುತ್ತದೆ. ಇನ್ನೊಂದು ಸುಳಿವು ಹಲ್ಲಿನ ಹೊರಪದರದಲ್ಲಿದೆ. ಹುಟ್ಟಿದ ಹೊತ್ತಿಗೆ ಅಲ್ಲಿ ಒಂದು ಸಣ್ಣ ಗೆರೆ ಬೀಳುತ್ತದೆ. ಒಸಡಿನೊಳಗಿನ್ನೂ ಬೆಳೆಯುತ್ತಿದ್ದ ಹಲ್ಲನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟು ಆ ಗೆರೆ ಹುಡುಕುತ್ತಾರೆ. ಕೂಸು ಹುಟ್ಟಿದ ಮೇಲೆ ಕೆಲವು ದಿನವಾದರೂ ಬದುಕಿದ್ದರೆ ಗೆರೆ ಕಾಣಬೇಕು. ಆದರೆ ಸುಟ್ಟ ಹಲ್ಲಿನಲ್ಲಿ ಅದನ್ನು ಎಷ್ಟು ನಂಬಬಹುದು ಅನ್ನುವುದರಲ್ಲೇ ತಕರಾರು. ಒಂದು ಕೂದಲೆಳೆಯಷ್ಟು ಗೆರೆಗೆ ಇಷ್ಟು ದೊಡ್ಡ ಪ್ರಶ್ನೆ ತಗಲಿಕೊಂಡಿದೆ. ನನ್ನ ಮಟ್ಟಿಗೆ ಪ್ರದರ್ಶನದ ಜೀವಾಳವೇ ಇದು. ಹಲ್ಲಿನ ಒಂದು ದೊಡ್ಡ ಚಿತ್ರ ಬರೆಸಿ, ಎರಡೂ ವಾದವನ್ನು ಪಕ್ಕಪಕ್ಕ ಹಾಕಿ.

ಮಡಕೆಯನ್ನು ಒಂಟಿಯಾಗಿ ಇಡಬೇಡಿ. ಯಾವ ಪದರದ್ದು, ಮೇಲೆ ಯಾವ ಕಲ್ಲು ನಿಂತಿತ್ತು, ಒಳಗೇನಿತ್ತು, ಈ ಮೂರೂ ಇಲ್ಲದಿದ್ದರೆ ಅದು ಸುಮ್ನೆ ಒಂದು ಮಡಕೆ ಅಷ್ಟೇ ಅಲ್ವಾ? ಥರ್ಮಾಕೋಲಿನಲ್ಲಿ ನೆಲದ ಒಂದು ಸೀಳು ಮಾಡಿಸಿ. ಕೆಳಗೆ ಹಳೆಯ ಮಡಕೆ, ಅದರ ಮೇಲೆ ಮಣ್ಣು, ಮತ್ತೆ ಮಡಕೆ, ಎಲ್ಲಕ್ಕಿಂತ ಮೇಲೆ ನಿಲ್ಲಿಸಿದ ಕಲ್ಲು. ಕಲ್ಲಿನ ಮೇಲೆ ತಾನಿತ್ ದೇವತೆಯ ಗುರುತು ಕೆತ್ತಿಸಿ: ಕೆಳಗೆ ತ್ರಿಕೋನ, ಮೇಲೊಂದು ಅಡ್ಡಗೆರೆ, ಅದರ ಮೇಲೆ ಒಂದು ವೃತ್ತ. ಅಲ್ಲಿನ ಎಷ್ಟೋ ಕಲ್ಲುಗಳ ಬರಹ ಒಂದೇ ಧಾಟಿಯದು: ತಾನಿತ್‌ಗೂ ಬಾಲ್ ಹಮ್ಮೋನ್ ದೇವರಿಗೂ ಇಂಥವನ ಮಗ ಇಂಥವನು ಒಪ್ಪಿಸಿದ ಹರಕೆ, ದೇವರು ಅವನ ಮೊರೆ ಕೇಳಿದ್ದಕ್ಕೆ. ಇದನ್ನು ಕನ್ನಡದಲ್ಲಿ ಬರೆಸಿ. ಬಲಿ ಅನ್ನುವವರ ದೊಡ್ಡ ಆಧಾರಗಳಲ್ಲಿ ಈ ಮಾತೂ ಒಂದು, ಹಾಗಾಗಿ ಬಿಡುವಂತಿಲ್ಲ.

ಮಡಕೆಯೊಳಗೆ ಪ್ಲಾಸ್ಟರಿನ ಮೂಳೆ ಹಾಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅವರು ಯಾರದೋ ಮಕ್ಕಳು. ಮಣಿ, ತಾಯಿತದ ಮಾದರಿ ಇಟ್ಟರೆ ಸಾಕು.

ಒಂದು ಮಡಕೆಯನ್ನು ಒಡೆದು ಜೋಡಿಸಿ ತೋರಿಸುವ ಆಸೆ ನಿಮ್ಮದು. ಚೆನ್ನಾಗಿದೆ, ಆದರೆ ಫೆವಿಕ್ವಿಕ್ ಹಾಕಬೇಡಿ. ಹಳೆಯ ವಸ್ತುಗಳ ಸಂರಕ್ಷಕರು ಪ್ಯಾರಾಲಾಯ್ಡ್ ಬಿ-72 ಅನ್ನುವ ಅಂಟು ಬಳಸುತ್ತಾರೆ. ತಪ್ಪಾಗಿ ಕೂರಿಸಿದ್ದರೆ ಅಸಿಟೋನ್ ಹಚ್ಚಿ ಬಿಡಿಸಬಹುದು. ಚೂರು ಕಳೆದುಹೋದ ಜಾಗಕ್ಕೆ ಪ್ಲಾಸ್ಟರ್ ತುಂಬಿ ಬಣ್ಣವನ್ನು ಒಂದು ಛಾಯೆ ತಿಳಿಯಾಗಿ ಕೊಡಿ, ಯಾವುದು ಮೂಲ, ಯಾವುದು ತೇಪೆ ಅಂತ ಹತ್ತಿರ ಬಂದವರಿಗೆ ಗೊತ್ತಾಗಲಿ. ಕುಂಬಾರರಿಗೆ ಹೊಳಪು ಬೇಡ ಅಂತ ಈಗಲೇ ಹೇಳಿಬಿಡಿ, ಮತ್ತೆ ಎಲ್ಲದರ ಮೇಲೂ ‘ಮಾದರಿ’ ಅಂತ ಚೀಟಿ ಅಂಟಿಸಿ.