ವಿಪಿಎನ್ ಕೇಳಿದ ತಮ್ಮನಿಗೆ, ನಾನು ಅಳಿಸಿದ ಚಾಟ್ ಬಗ್ಗೆ

ಮುಂದಿನ ತಿಂಗಳು ದುಬೈಗೆ ಬರ್ತಿದೀನಿ ಅಣ್ಣಾ, ವಾಟ್ಸಾಪ್ ಕಾಲ್ ಹೋಗಲ್ವಂತೆ ನಿಜಾನಾ, ತಡೆ ದಾಟೋಕೆ ವಿಪಿಎನ್ ಆಪ್ ಈಗ್ಲೇ ಹಾಕ್ಕೊಂಡು ಬರ್ಲಾ, ರೂಮ್ ಎಲ್ಲಿ ನೋಡ್ಲಿ ಅಂತ ಕೇಳಿದ್ಯಲ್ಲ ತಮ್ಮಾ. ರೂಮ್ ವಿಷಯ ಬಂದ್ಮೇಲೆ ನೋಡೋಣ, ಮೊದ್ಲು ಕಂಪನಿ ಕೊಟ್ಟಲ್ಲೇ ಇರು.

ಕಾಲ್ ವಿಷಯ ನಿಜ. 2016ರಲ್ಲಿ ನಾನು ಬಂದಿಳಿದ ರಾತ್ರಿ ಅಮ್ಮನಿಗೆ ವಾಟ್ಸಾಪಲ್ಲಿ ಕಾಲ್ ಮಾಡ್ದೆ, ರಿಂಗ್ ಆಯ್ತು, ಎತ್ತಿದ್ರು, ಆಮೇಲೆ ಬರೀ ಕನೆಕ್ಟಿಂಗ್ ಅಂತ ತೋರಿಸ್ತಾನೇ ಇತ್ತು, ಆ ಕಡೆ ಅವರು ಹಲೋ ಹಲೋ ಅಂತಾನೇ ಇದ್ರಂತೆ, ನಂಗೆ ಏನೂ ಕೇಳ್ಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡು ಬಿಲ್ಡಿಂಗ್ ಟೆರೇಸ್ ತನಕ ಹತ್ತಿದ್ದೆ. ಮೆಸೇಜು, ವಾಯ್ಸ್ ನೋಟು ಹೋಗುತ್ತೆ, ಕಾಲ್ ಮಾತ್ರ ತಡೆದಿರ್ತಾರೆ. ಬೋಟಿಮ್ ಥರ ಪರ್ಮಿಷನ್ ಇರೋ ಆಪ್ ಇವೆ, ಅಮ್ಮನ ಫೋನಿಗೂ ನೀನೇ ಹಾಕ್ಕೊಟ್ಟು ಬಾ.

ವಿಪಿಎನ್ ಎಲ್ರೂ ಬಳಸ್ತಾರೆ ಅಂತ ಯಾರಾದ್ರೂ ಅಂದ್ರೆ ಅದೊಂದೇ ಧೈರ್ಯ ಸಾಲಲ್ಲ. ಇಟ್ಕೊಳ್ಳೋದೇ ಅಪರಾಧ ಅಂತಲ್ಲ, ಕಂಪನಿಗಳು ಆಫೀಸ್ ಕೆಲಸಕ್ಕೆ ಬಳಸ್ತವೆ, ಆದ್ರೆ ಅದರಿಂದ ಐಪಿ, ಅಂದ್ರೆ ಇಂಟರ್ನೆಟ್ಟಲ್ಲಿ ನಿನ್ನ ವಿಳಾಸ, ಮರೆಮಾಡಿ ಅಪರಾಧ ಮಾಡಿದ್ರೆ, ಇಲ್ಲಾ ಮಾಡಿದ್ದು ಗೊತ್ತಾಗದ ಹಾಗೆ ಮಾಡಿದ್ರೆ, 2021ರ ಸೈಬರ್ ಕಾನೂನಲ್ಲಿ ಜೈಲು, ಇಲ್ಲಾ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಎರಡೂ ಬೀಳಬಹುದು. ಫ್ರೀ ವಿಪಿಎನ್ ಅಂತೂ ಬೇಡ್ವೇ ಬೇಡ. ನೀನು ಯಾವ ಸೈಟಿಗೆ ಹೋಗ್ತೀಯ ಅನ್ನೋದು ಇಂಟರ್ನೆಟ್ ಕೊಡೋರ ಕಣ್ಣಿಂದ ತಪ್ಪುತ್ತೆ ಸರಿ, ಆದ್ರೆ ಅದೆಲ್ಲ ಆ ವಿಪಿಎನ್‌ನೋರ ಕೈಗೆ ಹೋಗುತ್ತೆ, ಅವರು ಯಾರು ಅಂತಾನೇ ನಿಂಗೆ ಗೊತ್ತಿರಲ್ಲ.

ನೀನು ಕೇಳದೇ ಇರೋದೊಂದು ಹೇಳ್ಬೇಕು. 2018ರಲ್ಲಿ ನಂಗೂ ನನ್ನ ರೂಮ್‌ಮೇಟಿಗೂ ಎರಡು ತಿಂಗಳು ಸಂಬಳ ಬಂದಿರ್ಲಿಲ್ಲ, ಅವನು ಸಿಟ್ಟಲ್ಲಿ ಸೂಪರ್‌ವೈಸರ್‌ಗೆ ಕೆಟ್ಟದಾಗಿ ಬೈದು ವಾಯ್ಸ್ ನೋಟ್ ಕಳ್ಸಿಬಿಟ್ಟ. ಇಲ್ಲಿ ಮೆಸೇಜಲ್ಲಿ ಬೈದ್ರೂ ಕೇಸ್, ದಂಡ ಹಾಕಿದ್ರೆ 2.5 ಲಕ್ಷ ದಿರ್ಹಮ್‌ನಿಂದ ಶುರು. ಕಂಪ್ಲೇಂಟ್ ಆಯ್ತು ಅಂತ ಗೊತ್ತಾದ ರಾತ್ರಿನೇ ನಾನು ನಮ್ಮ ಕೆಲಸದ ವಾಟ್ಸಾಪ್ ಗ್ರೂಪಿಂದ ಹೊರಗೆ ಬಂದೆ, ಗ್ರೂಪ್ ಚಾಟು, ಅವನ ಜೊತೆಗಿನ ಚಾಟು, ಬ್ಯಾಕಪ್ಪು ಎಲ್ಲಾ ಅಳಿಸಿದೆ, ಪ್ರೈವೆಸಿ ಕಾಪಾಡ್ಕೊಳ್ಳೋದು ಅಂದ್ರೆ ಅದೇ ಅಂದ್ಕೊಂಡಿದ್ದೆ. ಸಂಬಳ ಮುಂದಿನ ತಿಂಗಳು ನೋಡೋಣ ಅಂತ ಆ ಸೂಪರ್‌ವೈಸರ್ ಎರಡು ಸಲ ಬರೆದಿದ್ದು ಅದೇ ಗ್ರೂಪಲ್ಲಿ. ರೂಮ್‌ಮೇಟ್ ಫೋನು ಪೊಲೀಸರ ಹತ್ರ ಇತ್ತು. ಅವನ ಅಣ್ಣ ನಂಗೆ ಫೋನ್ ಮಾಡಿ, ಅದೊಂದು ಸ್ಕ್ರೀನ್‌ಶಾಟ್ ಕಳ್ಸಪ್ಪಾ ಅಂತ ಕೇಳಿದ್ರು. ನನ್ನ ಹತ್ರ ಇರ್ಲಿಲ್ಲ. ಗ್ರೂಪಲ್ಲಿದ್ದ ಮಿಕ್ಕವರೂ ಬಾಯಿ ಬಿಡ್ಲಿಲ್ಲ. ಅವನು ಬೈದಿದ್ದು ಮಾತ್ರ ಉಳೀತು, ಯಾಕೆ ಬೈದ ಅನ್ನೋದು ಉಳೀಲಿಲ್ಲ, ಊರಿಗೆ ವಾಪಸ್ ಕಳ್ಸಿದ್ರು.

ಸೈಟ್ ತಡೆಯೋದು ಕಣ್ಣಿಗೆ ಕಾಣುತ್ತೆ ತಮ್ಮಾ, ಈ ಹೆದರಿಕೆ ಕಾಣಲ್ಲ, ಅವತ್ತು ನನ್ನ ಫೋನನ್ನ ಯಾರೂ ಮುಟ್ಟಿರ್ಲಿಲ್ಲ, ಎಲ್ಲಾ ಅಳಿಸಿದ್ದು ನನ್ನ ಕೈಯೇ. ಊರಿಗೆ ಬಂದಾಗೆಲ್ಲ ಅವನಿಗೆ ಫೋನ್ ಮಾಡ್ಬೇಕು ಅಂದ್ಕೊಳ್ತೀನಿ, ಇವತ್ತಿನ ತನಕ ಮಾಡಿಲ್ಲ.

ಅದಕ್ಕೇ ಹೇಳೋದು, ಕಾಂಟ್ರ್ಯಾಕ್ಟು, ಸಂಬಳದ ಮೆಸೇಜೆಲ್ಲ ಫೋನ್ ಬಿಟ್ಟು ಬೇರೆ ಕಡೆನೂ ಒಂದು ಕಾಪಿ ಇಡು. ಬೈಯೋಕೆ ಬೆರಳು ಹೋದ್ರೆ ಫೋನ್ ಕೆಳಗಿಟ್ಟು ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡು, ನಾನೇ ಜೊತೆಗೆ ಬರ್ತೀನಿ. ವಾಟ್ಸಾಪ್ ಚಾಟ್ ಬ್ಯಾಕಪ್ಪಿಗೂ ಎನ್‌ಕ್ರಿಪ್ಷನ್, ಅಂದ್ರೆ ಬೇರೆಯವ್ರು ಓದೋಕಾಗದ ಹಾಗೆ ಬೀಗ, ಬೇರೆಯಾಗಿ ಆನ್ ಮಾಡ್ಬೇಕು, ಸೆಟ್ಟಿಂಗಲ್ಲಿದೆ. ಕೇಳದೇ ಯಾರ ಫೋಟೋನೂ ಹಾಕ್ಬೇಡ, ಅದಕ್ಕೂ ಕೇಸ್ ಇದೆ.

ಟಿಕೆಟ್ ಆದ್ಮೇಲೆ ಡೇಟ್ ಹೇಳು, ಏರ್‌ಪೋರ್ಟಿಗೆ ಬರ್ತೀನಿ.