ಕಕ್ಕಡದಲ್ಲಿ ಮಡಿಕೇರಿಗೆ ಬರುವವರಿಗೆ

ಜುಲೈ ಮಧ್ಯದಿಂದ ಒಂದು ತಿಂಗಳು ಮಡಿಕೇರಿಯಲ್ಲಿದ್ದು ಆಫೀಸ್ ಕೆಲಸ ಮಾಡಬಹುದಾ, ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಕರೆಂಟನ್ನು ನಂಬಬೇಡಿ. ಗಾಳಿಗೆ ಒಂದು ಮರ ಬಿದ್ದರೆ ಸಾಕು, ನೆಟ್ಟೂ ಅದರ ಜೊತೆಗೇ ಹೋಗುತ್ತದೆ. ಮುಖ್ಯವಾದ ಕೆಲಸ ಬೆಳಿಗ್ಗೆಯೇ ಮುಗಿಸಿಬಿಡಿ.

ನೀವು ಬರುತ್ತಿರುವುದು ಸರಿಯಾಗಿ ಕಕ್ಕಡ ಮಾಸಕ್ಕೆ, ಅಂದರೆ ಕೊಡವರ ಲೆಕ್ಕದ ಮಳೆಗಾಲದ ತಿಂಗಳಿಗೆ. ತಿನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಣಿಲೆ (ಎಳೆ ಬಿದಿರು) ಸಾರು, ಅಣಬೆ, ಬಿಸಿ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ). ಆಗಸ್ಟ್ 3ರ ಹೊತ್ತಿಗೆ ಕಕ್ಕಡ 18, ಅಂದರೆ ಆ ತಿಂಗಳ ಹದಿನೆಂಟನೇ ದಿನ ಬರುತ್ತದೆ. ಆ ದಿನ ಮದ್ದು ಸೊಪ್ಪು ಅನ್ನುವ ಕಾಡು ಗಿಡದ ಎಲೆಯಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ, ಘಮವೂ ಜೋರು. ಅದರಲ್ಲೇ ಅಕ್ಕಿ ಬೇಯಿಸಿ ಪಾಯಸ ಮಾಡುತ್ತಾರೆ. ಆಮೇಲೆ ಮೂತ್ರ ಕೆಂಪಾದರೆ ಡಾಕ್ಟರ್ ಹತ್ತಿರ ಓಡಬೇಡಿ, ಅದು ಸೊಪ್ಪಿನ ಬಣ್ಣ. (ಹೊಸ ನೆಂಟರಿಗೆ ಇದನ್ನು ಮೊದಲೇ ಹೇಳದೆ ಮಜಾ ನೋಡುವವರೂ ಇದ್ದಾರೆ!)

ಬೇಜಾರಿಗೆ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಇವೆ. ನೆಟ್ ಇಲ್ಲದಾಗ ಆಕಾಶವಾಣಿ ಮಡಿಕೇರಿ, ಎಫ್‌ಎಂ 103.1. ಬಟ್ಟೆ ಮಾತ್ರ ಜಾಸ್ತಿ ತನ್ನಿ, ಇಲ್ಲಿ ಒಣಗುವುದಿಲ್ಲ.