ಘಾಟಿ ಹತ್ತಿದ ಮೇಲೆ ಮಿಣುಕುವ ಆಯಿಲ್ ದೀಪ

ನಮಸ್ಕಾರ. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ತಲುಪಿದಾಗ ನಿಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಕೆಂಪು ಆಯಿಲ್ ದೀಪ ಐಡಲಿಂಗ್‌ನಲ್ಲಿ (ಕಾರು ನಿಂತು ಇಂಜಿನ್ ಮಾತ್ರ ಓಡುವಾಗ) ಮಿಣುಕುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ, ಆಯಿಲ್ ಮಟ್ಟ ಸರಿಯಿದೆ ಎಂದು ಬರೆದಿದ್ದೀರಿ.

ಆ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಒತ್ತಡ ತೀರಾ ಬಿದ್ದಿದೆ ಎಂದಷ್ಟೇ ಹೇಳುತ್ತದೆ. ಸಾಮಾನ್ಯವಾಗಿ ಒತ್ತಡ 5-7 ಪಿಎಸ್‌ಐಗೆ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಇಳಿದಾಗ ಇಂಜಿನ್‌ನಲ್ಲಿರುವ ಸ್ವಿಚ್ ದೀಪ ಹೊತ್ತಿಸುತ್ತದೆ. ಏರು ಹತ್ತಿ ಕಾದ ಆಯಿಲ್ ತೆಳುವಾಗಿರುತ್ತದೆ. ಐಡಲಿಂಗ್‌ನಲ್ಲಿ ಆಯಿಲ್ ತಳ್ಳುವ ಪಂಪ್ ಕೂಡ ನಿಧಾನ. ಇಂಜಿನ್ನಿನ ತಿರುಗುವ ಭಾಗಗಳಿಗೆ ಆಸರೆಯಾದ ಬೇರಿಂಗ್ ಸವೆದಿದ್ದರೆ ಆಯಿಲ್ ಸಂದಿಯಿಂದ ಬೇಗ ಜಾರಿಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ.

ಹಾಗಂತ ಸುಮ್ನೆ ಇಂಜಿನ್ ಬಿಚ್ಚಿಸಬೇಡಿ. ಮೊದಲು ಸ್ವಿಚ್ ತೆಗೆಸಿ ಅದೇ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿಸಿ. ಇಂಜಿನ್ ಚೆನ್ನಾಗಿ ಕಾದ ಮೇಲೆ ನೋಡಬೇಕು, ತಣ್ಣಗಿದ್ದಾಗ ಎಲ್ಲವೂ ಸರಿಯಾಗೇ ಕಾಣುತ್ತದೆ. 1000 ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ 1000 ಸುತ್ತು) ಸುಮಾರು 10 ಪಿಎಸ್‌ಐ ಎಂಬುದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ. ಗೇಜ್ ಸರಿ ತೋರಿಸಿದರೆ ತಪ್ಪು ಸ್ವಿಚ್ಚಿನದು, ಅದು ಜಾಸ್ತಿ ಖರ್ಚಿನದಲ್ಲ. ಕಡಿಮೆ ತೋರಿಸಿದರೆ ಯಾವ ಆಯಿಲ್ ಹಾಕಿದ್ದಾರೆ ಎಂದು ಕೇಳಿ. ಇಂಥ ಹಳೇ ಇಂಜಿನ್‌ಗೆ 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಹೊಂದುತ್ತದೆ, ಈಗಿನ ಕಾರುಗಳ ತೆಳು ಆಯಿಲ್ ಬೇಡ. ಆಮೇಲೂ ಮಿಣುಕಿದರೆ ಪಂಪ್, ಬೇರಿಂಗ್ ನೋಡಿಸಲೇಬೇಕು.

ಓಡುವಾಗಲೇ ದೀಪ ಹೊತ್ತಿಕೊಂಡು ಆರದಿದ್ದರೆ ಮಾತ್ರ ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಊರು ಹತ್ತಿರವಿದೆ ಎಂದು ಮುಂದೆ ಹೋಗಬೇಡಿ, ಬೇರಿಂಗ್ ಹಾಳಾಗಲು ಸ್ವಲ್ಪ ಹೊತ್ತು ಸಾಕು. ಇಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಆ ತಿರುವುಗಳಲ್ಲಿ ಗೇರಿನ ಹಿಡಿತವೂ ಇರುವುದಿಲ್ಲ ಅಲ್ವಾ?